ಒಬ್ಬ ಸೆನೆಟರ್, ಒಂದು ಗೊತ್ತುವಳಿ: ನೆವಿಲ್ ಬಾನರ್ ಅವರ ಸಂಸದೀಯ ಕಾರ್ಯ

ಸಂಸತ್ತಿನ ಪಾಠದಲ್ಲಿ ಮೇಲ್ಮನೆಯ ವಿಚಾರ ಬಂದಾಗ ಗಡಿಯಾಚೆಯ ಕನ್ನಡ ತರಗತಿಗಳೆಲ್ಲವೂ ಒಂದೇ ನೆಲೆಯಲ್ಲಿ ನಿಂತಿರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ವಿಧಾನ ಪರಿಷತ್ತು ತಮ್ಮ ರಾಜ್ಯದಲ್ಲಿಯೇ ಇದೆ. ಆಂಧ್ರಪ್ರದೇಶ, ತೆಲಂಗಾಣಗಳಲ್ಲಿಯೂ ಇದೆ. ಕೇರಳ, ಗೋವೆಗಳಲ್ಲಿ ಇಲ್ಲ. ತಮಿಳುನಾಡಿನಲ್ಲಿ ಇದ್ದದ್ದು 1986ರಲ್ಲಿ ರದ್ದಾಯಿತು. ಹೀಗಾಗಿ ಕಾಸರಗೋಡು ಅಥವಾ ತಾಳವಾಡಿಯ ವಿದ್ಯಾರ್ಥಿ, ‘ಕೆಳಮನೆಯೇ ಸರ್ಕಾರವನ್ನು ರಚಿಸುವುದಾದರೆ ಮೇಲ್ಮನೆಯ ಒಬ್ಬ ಸದಸ್ಯನ ಭಾಷಣದಿಂದ ಆಗುವುದೇನು?’ ಎಂದು ಕೇಳಿದರೆ ಅದು ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಆಸ್ಟ್ರೇಲಿಯದ ಸೆನೆಟರ್ ನೆವಿಲ್ ಬಾನರ್ ಅವರ ಉದಾಹರಣೆಯನ್ನು ಇಲ್ಲಿ ವಿವರಿಸಿದೆ.

ಮೊದಲು ಸದನದ ಸ್ವರೂಪ. ನಮ್ಮ ರಾಜ್ಯಸಭೆಯಲ್ಲಿ ಸ್ಥಾನಗಳ ಹಂಚಿಕೆ ಹೆಚ್ಚುಕಡಿಮೆ ಜನಸಂಖ್ಯೆಯನ್ನು ಅನುಸರಿಸುತ್ತದೆ: ಮಹಾರಾಷ್ಟ್ರಕ್ಕೆ 19, ಕೇರಳಕ್ಕೆ 9, ಗೋವೆಗೆ 1. ಆಸ್ಟ್ರೇಲಿಯದ ಸೆನೆಟಿನಲ್ಲಿ ದೊಡ್ಡ ರಾಜ್ಯ, ಚಿಕ್ಕ ರಾಜ್ಯ ಎಂಬ ಭೇದವಿಲ್ಲ. 1971ರಲ್ಲಿ ಆರು ರಾಜ್ಯಗಳಿಗೆ ತಲಾ ಹತ್ತರಂತೆ 60 ಸೆನೆಟರುಗಳಿದ್ದರು. ಅವರನ್ನು ಆರಿಸುವವರು ಶಾಸಕರಲ್ಲ, ಮತದಾರರೇ. ಅವಧಿಯ ನಡುವೆ ಸ್ಥಾನ ತೆರವಾದರೆ ಮಾತ್ರ ರಾಜ್ಯದ ಶಾಸಕಾಂಗವು ಒಬ್ಬರನ್ನು ಆಯ್ದು ಕಳುಹಿಸುತ್ತದೆ. ಬಾನರ್ ಅವರು ಸೆನೆಟನ್ನು ಪ್ರವೇಶಿಸಿದ್ದು ಈ ದಾರಿಯಿಂದ. ಕ್ವೀನ್ಸ್‌ಲ್ಯಾಂಡಿನ ಅನಾಬೆಲ್ ರ‍್ಯಾಂಕಿನ್ ಅವರು ರಾಜೀನಾಮೆಯಿತ್ತಾಗ 1971ರ ಜೂನ್‌ನಲ್ಲಿ ಆ ಸ್ಥಾನ ಅವರಿಗೆ ದೊರೆಯಿತು. ಆಸ್ಟ್ರೇಲಿಯದ ಸಂಯುಕ್ತ ಸಂಸತ್ತಿನಲ್ಲಿ ಕುಳಿತ ಮೊದಲ ಮೂಲನಿವಾಸಿ ಅವರು.

ಅವರು 1922ರಲ್ಲಿ ಟ್ವೀಡ್ ನದಿಯ ಮುಖದಲ್ಲಿರುವ ಒಂದು ದ್ವೀಪದಲ್ಲಿ ಹುಟ್ಟಿದವರು, ಜಾಗೆರಾ ಜನಾಂಗದ ಹಿರಿಯರು. ಶಾಲೆಯ ಮೆಟ್ಟಿಲು ಹತ್ತಿದ್ದು ಸುಮಾರು ಒಂದು ವರ್ಷ ಮಾತ್ರ. ಕಬ್ಬು ಕಡಿಯುವುದು, ದನ ಕಾಯುವುದು ಮೊದಲಾದ ಕೂಲಿಗಳಲ್ಲಿ ಯೌವನ ಕಳೆಯಿತು. ದೇಶದ ಸಂಸತ್ತಿನ ಚುನಾವಣೆಗಳಲ್ಲಿ ಎಲ್ಲ ಮೂಲನಿವಾಸಿಗಳಿಗೂ ಮತದಾನದ ಹಕ್ಕು ದೊರೆತದ್ದು 1962ರಲ್ಲಿ. ಆಗ ಅವರಿಗೆ ನಲವತ್ತು ವರ್ಷ. ಒಂಬತ್ತೇ ವರ್ಷಗಳ ಅನಂತರ ಅವರು ಅದೇ ಸಂಸತ್ತಿನಲ್ಲಿ ನಿಂತು ತಮ್ಮ ಚೊಚ್ಚಲ ಭಾಷಣವನ್ನು ಮಾಡಿದರು.

ಅವರ ಸಂಸದೀಯ ಕಾರ್ಯದಲ್ಲಿ ತರಗತಿಗೆ ಅತ್ಯಂತ ಉಪಯುಕ್ತವಾದುದು 1974ರ ಸೆಪ್ಟೆಂಬರಿನಲ್ಲಿ ಅವರು ಮಂಡಿಸಿದ ಗೊತ್ತುವಳಿ. 1788ರಲ್ಲಿ ಬ್ರಿಟಿಷರ ಮೊದಲ ನೌಕಾಪಡೆ ಬಂದಿಳಿಯುವುದಕ್ಕೆ ಮುನ್ನ ಇಡೀ ದೇಶವು ಮೂಲನಿವಾಸಿಗಳ ಮತ್ತು ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ವಶದಲ್ಲಿತ್ತೆಂಬುದನ್ನು ಸೆನೆಟ್ ಒಪ್ಪಬೇಕು. ಸರ್ಕಾರವು ಆ ಪೂರ್ವಸ್ವಾಮ್ಯವನ್ನು ಮಾನ್ಯ ಮಾಡಿ, ಕಳೆದುಕೊಂಡ ನೆಲಕ್ಕೆ ಪರಿಹಾರ ನೀಡುವ ಕಾನೂನನ್ನು ತರಬೇಕು. ಇದು ಅದರ ಸಾರ. ಬಾನರ್ ಅವರ ಲಿಬರಲ್ ಪಕ್ಷವು ಆಗ ವಿರೋಧಪಕ್ಷವಾಗಿತ್ತು. ಆದರೂ 1975ರ ಫೆಬ್ರವರಿ 20ರಂದು ಸೆನೆಟ್ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಇಲ್ಲಿ ಶಿಕ್ಷಕರು ತುಸು ನಿಲ್ಲಬೇಕು. ‘ಅಂಗೀಕರಿಸಿತು’ ಎಂದೊಡನೆ ನೆಲ ಮರಳಿ ಬಂತೆಂದು ಮಕ್ಕಳು ಭಾವಿಸುತ್ತಾರೆ. ಈ ತಪ್ಪು ತಿಳಿವಳಿಕೆಯಲ್ಲಿ ಭಾಷೆಯ ಪಾಲೂ ಇದೆ. ನಾವು ಗೊತ್ತುವಳಿ ಅಥವಾ ನಿರ್ಣಯ ಎನ್ನುವುದನ್ನು ಹೊಸೂರಿನ ಮಗು ತಮಿಳಿನಲ್ಲಿಯೂ ರಾಯದುರ್ಗದ ಮಗು ತೆಲುಗಿನಲ್ಲಿಯೂ ‘ತೀರ್ಮಾನ’ ಎಂಬ ಪದದ ರೂಪದಲ್ಲಿ ಕೇಳಿರುತ್ತದೆ; ಕನ್ನಡದಲ್ಲಿ ಆ ಪದಕ್ಕೆ ‘ಇನ್ನು ಮಾತಿಲ್ಲ’ ಎಂಬ ಧ್ವನಿಯಿದೆ. ಕಾಸರಗೋಡಿನ ಮಗುವಿಗೆ ಮಲಯಾಳದ ವಾರ್ತೆಯಲ್ಲಿ ಕೇಳುವ ಪದ ‘ಪ್ರಮೇಯ’. ನಮ್ಮ ತರಗತಿಯಲ್ಲಿ ಅದು ಪೈಥಾಗೊರಸನಿಗೆ ಸೇರಿದ್ದು! ಸೊಲ್ಲಾಪುರದಲ್ಲಿ ‘ಠರಾವು’ ಎಂದರೆ ಸಾಕು. ಪದ ಯಾವುದಾದರೂ ಆಗಲಿ, ಒಂದು ವ್ಯತ್ಯಾಸ ಮನದಟ್ಟಾಗಬೇಕು: ಇಂಥ ಗೊತ್ತುವಳಿಯು ಸದನದ ಅಭಿಪ್ರಾಯವನ್ನು ಹೇಳುತ್ತದೆ, ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಮಸೂದೆಯು ಎರಡೂ ಸದನಗಳನ್ನು ದಾಟಿ ಅಂಕಿತ ಪಡೆದು ಕಾನೂನಾಗುತ್ತದೆ.

ಹಾಗಾದರೆ ಬಾನರ್ ಅವರಿಗೆ ದೊರೆತದ್ದೇನು? ಆ ನೆಲ ಯಾರ ಸ್ವಾಮ್ಯದಲ್ಲಿಯೂ ಇರಲಿಲ್ಲವೆಂಬ ಕಲ್ಪನೆಯ ಮೇಲೆ ಆಸ್ಟ್ರೇಲಿಯದ ಭೂಕಾನೂನು ನಿಂತಿತ್ತು. ದೇಶದ ಅತ್ಯುಚ್ಚ ನ್ಯಾಯಾಲಯವು ಮಾಬೊ ಪ್ರಕರಣದಲ್ಲಿ ಆ ಕಲ್ಪನೆಯನ್ನು ತಳ್ಳಿಹಾಕಿದ್ದು 1992ರಲ್ಲಿ. ಅದಕ್ಕೆ ಹದಿನೇಳು ವರ್ಷ ಮೊದಲೇ ಸೆನೆಟಿನ ಕಡತದಲ್ಲಿ, ಒಂದೂ ವಿರೋಧದ ಮತವಿಲ್ಲದೆ, ಅದಕ್ಕೆ ವ್ಯತಿರಿಕ್ತವಾದ ಮಾತು ದಾಖಲಾಗಿತ್ತು. ಗೊತ್ತುವಳಿಯಿಂದಲೇ ತೀರ್ಪು ಬಂತೆಂದು ಹೇಳುವುದು ತಪ್ಪಾಗುತ್ತದೆ. ನ್ಯಾಯಾಲಯದ ದಾರಿ ಬೇರೆ, ಅದನ್ನು ನಡೆದವರೂ ಬೇರೆ. ಆದರೆ ಇತಿಹಾಸದ ಒಂದು ಸತ್ಯವನ್ನು ಸದನವು ತನ್ನ ಬಾಯಿಂದಲೇ ಹೇಳುವಂತೆ ಮಾಡುವುದು ಚಿಕ್ಕ ಕೆಲಸವಲ್ಲ. ಬರಿಯ ಭಾಷಣಕ್ಕೆ ಆ ಬಲವಿಲ್ಲವೆಂಬುದು ನನ್ನ ಅಭಿಪ್ರಾಯ.

ಮತ ಹಾಕುವುದರಲ್ಲಿಯೂ ಬಾನರ್ ಸ್ವತಂತ್ರರಾಗಿದ್ದರು. ಅಲ್ಲಿ ಮತವಿಭಜನೆಯ ವೇಳೆ ‘ಹೌದು’ ಎನ್ನುವವರು ಅಧ್ಯಕ್ಷರ ಬಲಕ್ಕೂ ‘ಇಲ್ಲ’ ಎನ್ನುವವರು ಎಡಕ್ಕೂ ಹೋಗಿ ಕುಳಿತುಕೊಳ್ಳುತ್ತಾರೆ. ಪಕ್ಷದ ಮಾತನ್ನು ಮೀರುವವನು ಎಲ್ಲರ ಕಣ್ಣೆದುರಿಗೆ ಎದುರು ಸಾಲಿಗೆ ನಡೆಯಬೇಕು. ಅವರು ಹಾಗೆ ನಡೆದದ್ದು 30ಕ್ಕೂ ಹೆಚ್ಚು ಬಾರಿ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಸಚೇತಕಾಜ್ಞೆಯನ್ನು ಮೀರಿದ ಸದಸ್ಯನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಅಂಥ ಕಾನೂನಿಲ್ಲ. ಆದರೆ ಪಕ್ಷಕ್ಕೆ ಬೇರೆ ಉಪಾಯಗಳಿವೆ. 1983ರ ಚುನಾವಣೆಯಲ್ಲಿ ಪಕ್ಷವು ಅವರ ಹೆಸರನ್ನು ಪಟ್ಟಿಯ ಮೂರನೆಯ ಸ್ಥಾನಕ್ಕೆ ಇಳಿಸಿತು; ಅಲ್ಲಿಂದ ಗೆಲುವು ದುಸ್ಸಾಧ್ಯ. ಅವರು ಪಕ್ಷವನ್ನು ತೊರೆದು ಸ್ವತಂತ್ರರಾಗಿ ನಿಂತು ಸೋತರು. ಇತ್ತ ಸ್ವಜನರಲ್ಲಿಯೂ, ವಿಶೇಷವಾಗಿ ತರುಣ ಹೋರಾಟಗಾರರಲ್ಲಿ, ಬಿಳಿಯರ ಪಕ್ಷದಲ್ಲಿ ಕುಳಿತವರೆಂಬ ಆಕ್ಷೇಪ ಅವರ ಮೇಲಿತ್ತು. ಈ ಅಂಶವನ್ನು ಬಿಟ್ಟು ಅವರನ್ನು ಕೇವಲ ವೀರನಂತೆ ಚಿತ್ರಿಸಿದರೆ ಪಾಠ ಪೊಳ್ಳಾಗುತ್ತದೆ.

ಎಂಟನೆಯ ತರಗತಿಯಿಂದ ಮೇಲಕ್ಕೆ ಇದನ್ನು ಅಣಕು ಸದನವಾಗಿ ನಡೆಸಬಹುದು. ಶಾಲೆಗೆ ಸಂಬಂಧಿಸಿದ ಒಂದು ಗೊತ್ತುವಳಿಯನ್ನು ಮಕ್ಕಳೇ ಕನ್ನಡದಲ್ಲಿ ಬರೆಯಲಿ. ‘ಒಪ್ಪುತ್ತದೆ’, ‘ಒತ್ತಾಯಿಸುತ್ತದೆ’ ಎಂಬ ಎರಡು ಕ್ರಿಯಾಪದಗಳು ಅದರಲ್ಲಿರಲಿ. ಚರ್ಚೆಯ ಕೊನೆಗೆ ಎಡಬಲವಾಗಿ ನಿಲ್ಲಿಸಿ ಎಣಿಸಿರಿ. ಗೆಳೆಯರ ಸಾಲನ್ನು ಬಿಟ್ಟು ಎದುರಿಗೆ ಹೋದ ಮಗುವಿದ್ದರೆ ಅದನ್ನು ಯಾರೂ ನಗೆಗೀಡು ಮಾಡದಂತೆ ನೋಡಿಕೊಂಡು, ಕಾರಣವನ್ನು ಅದರ ಮಾತಿನಲ್ಲಿಯೇ ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ.