ಜಪಸರ ಹಿಡಿಯುವ ಬೆರಳುಗಳ ಆರೈಕೆ

ಬಲಿಪೂಜೆಯಲ್ಲಿ ಶಾಂತಿ ಕೋರುವ ವೇಳೆ ನಾವು ಪರಸ್ಪರ ಕೈಮುಗಿದು ವಂದಿಸುತ್ತೇವೆ. ಆಗ ಕೆಲವು ಹಿರಿಯರ ಅಂಗೈಗಳು ಪೂರ್ತಿಯಾಗಿ ಕೂಡದೆ ನಡುವೆ ಸಂದು ಉಳಿದಿರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಬೆರಳುಗಳ ಗೆಣ್ಣು ಬಿಗಿದುಕೊಂಡಾಗ ಹೀಗಾಗುವುದುಂಟು. ವೈದ್ಯರು ಇದನ್ನು ‘ಪ್ರಾರ್ಥನಾ ಚಿಹ್ನೆ’ ಎಂದೇ ಕರೆಯುವುದು ಸೋಜಿಗ. ನೋವಿಲ್ಲದ ಕಾರಣ ನಾವು ಇದನ್ನು ಕಡೆಗಣಿಸಿಬಿಡುತ್ತೇವೆ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮಕ್ಕಳು ದೂರದ ಊರುಗಳಿಗೆ ತೆರಳಿ ಹಿರಿಯರಷ್ಟೇ ಉಳಿದ ಮನೆಗಳು ನಮ್ಮ ಸಮುದಾಯದಲ್ಲೂ ಇವೆ. ಗುಳಿಗೆಯ ಪಟ್ಟಿ ಬಿಡಿಸುವುದು, ಅಂಗಿಯ ಗುಂಡಿ ಹಾಕುವುದು, ಬೀಗ ತಿರುಗಿಸುವುದು ಕೈಲಾಗದಿದ್ದರೆ ಅಲ್ಲಿ ಒಂದು ದಿನ ಕಳೆಯುವುದೂ ದುಸ್ತರ.

ಬೆಳಗಿನ ಚಳಿಯಲ್ಲಿ ಕೈಗಳನ್ನು ಐದು ನಿಮಿಷ ಬೆಚ್ಚನೆಯ ನೀರಿನಲ್ಲಿ ಇರಿಸಿದರೆ ಗೆಣ್ಣುಗಳು ಸಡಿಲಗೊಳ್ಳುತ್ತವೆ. ಸ್ಪರ್ಶಜ್ಞಾನ ಕುಂದಿದವರು ನೀರಿನ ಬಿಸಿಯನ್ನು ಮನೆಯ ಬೇರೊಬ್ಬರಿಂದ ನೋಡಿಸಿಕೊಳ್ಳಬೇಕು. ಅನಂತರ ಹೆಬ್ಬೆರಳನ್ನು ಹೊರಗಿಟ್ಟು ಸಡಿಲವಾಗಿ ಮುಷ್ಟಿ ಹಿಡಿದು, ನಿಧಾನವಾಗಿ ಬೆರಳುಗಳನ್ನು ಅಗಲಿಸಬೇಕು. ಹೆಬ್ಬೆರಳ ತುದಿಯನ್ನು ಉಳಿದ ನಾಲ್ಕು ಬೆರಳುಗಳ ತುದಿಗೆ ಒಂದೊಂದಾಗಿ, ಉಂಗುರದ ಆಕಾರ ಬರುವಂತೆ ತಾಗಿಸಬೇಕು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಒಂದೊಂದೇ ಬೆರಳನ್ನೆತ್ತಿ ಇಳಿಸಬೇಕು. ಮಣಿಕಟ್ಟನ್ನೂ ಮೇಲಕ್ಕೆ, ಕೆಳಕ್ಕೆ ಬಾಗಿಸಬೇಕು. ಪ್ರತಿಯೊಂದನ್ನೂ ಐದಾರು ಬಾರಿ, ದಿನಕ್ಕೆರಡು ಹೊತ್ತು ಮಾಡಿದರೆ ಸಾಕು. ನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು. ಬೆರಳನ್ನು ಬಲವಂತವಾಗಿ ಬಗ್ಗಿಸುವುದು ವ್ಯಾಯಾಮವಲ್ಲ, ಹಿಂಸೆ.

59 ಮಣಿಗಳ ಜಪಸರವನ್ನು ಸರಿಸುವುದೂ ಒಳ್ಳೆಯ ಚಲನೆಯೇ. ಆದರೆ ಅದು ಎರಡು ಬೆರಳುಗಳ ಕೆಲಸ. ಜಪಸರ ಹೇಳುತ್ತೇವಲ್ಲ ಎಂದು ಉಳಿದ ಬೆರಳುಗಳಿಗೆ ರಜೆ ಕೊಡಲಾಗದು! ಪ್ರತಿ ರಹಸ್ಯ ಮುಗಿದಾಗ ಕೈ ಬದಲಿಸಿಕೊಳ್ಳಬಹುದು.

ಬ್ರಿಟನ್ನಿನಲ್ಲಿ ರುಮಟಾಯ್ಡ್ ಸಂಧಿವಾತವಿದ್ದ 490 ಮಂದಿಯ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧಿಯ ಜೊತೆಗೆ ಕ್ರಮವಾದ ಕೈವ್ಯಾಯಾಮವನ್ನೂ ಕಲಿತವರ ಕೈಗಳು ವರ್ಷದ ಬಳಿಕ ಹೆಚ್ಚು ಸುಧಾರಿಸಿದ್ದವು. ಔಷಧಿ ಬಿಟ್ಟು ವ್ಯಾಯಾಮ ಮಾಡಿರೆಂದು ಇದರ ಅರ್ಥವಲ್ಲ.

ಬೆಳಗಿನ ಬಿಗಿತ ಗಂಟೆಗೂ ಮೀರಿ ಉಳಿದರೆ, ಗೆಣ್ಣು ಕೆಂಪಗೆ ಊದಿದರೆ, ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ವೈದ್ಯರನ್ನು ಕಾಣಬೇಕು. ಜಯನಗರದ ಸಾರ್ವಜನಿಕ ಆಸ್ಪತ್ರೆ, ಕೋರಮಂಗಲದ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆ ನಮಗೆ ಸಮೀಪದಲ್ಲೇ ಇವೆ. ಒಂದು ಕೈ ಹಠಾತ್ತನೆ ಬಲಗುಂದಿದರೆ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರ ಆಚರಿಸುತ್ತೇವೆ. ಅಂದು ಹಿರಿಯರಿಗೆ ಹೂಗುಚ್ಛ ನೀಡುವುದರ ಜೊತೆಗೆ, ನಮ್ಮ ಧರ್ಮಕೇಂದ್ರಗಳಲ್ಲಿ ಪೂಜೆಯ ಬಳಿಕ ಫಿಸಿಯೋಥೆರಪಿ ಬಲ್ಲವರೊಬ್ಬರನ್ನು ಕರೆಸಿ, ಕುಳಿತಲ್ಲೇ ಈ ವ್ಯಾಯಾಮಗಳನ್ನು ಮಾಡಿಸಬಹುದು.