ಪೆಡಲ್‌ನೊಳಗಿನ ಸದ್ದಿಗೆ ಮದ್ದು

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡು ಧ್ವನಿಮುದ್ರಣವಾಗುತ್ತಿತ್ತು. ಮಿಕ್ಸರ್‌ನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರ್‌ನ ನಾದ ಒಡೆದು ಗೊರಗುಟ್ಟಿತು. 1961ರಲ್ಲಿ ಹಾಡು ಆ ಒಡಕು ದನಿಯೊಂದಿಗೇ ಹೊರಬಂತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿಯನ್ನು ಬೇಕೆಂದಾಗ ಹುಟ್ಟಿಸುವ ಟ್ರಾನ್ಸಿಸ್ಟರ್ ಸರ್ಕ್ಯೂಟ್ ರೂಪಿಸಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು 'ಮೇಸ್ಟ್ರೋ ಫಜ್-ಟೋನ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗಿಟಾರ್ ವಾದಕರ ಕಾಲಬುಡದ ಫಜ್ ಪೆಡಲ್ ಪೆಟ್ಟಿಗೆಗಳ ಕಥೆ ಶುರುವಾದದ್ದು ಹೀಗೆ.

ಕೊಂಡ ಪೆಡಲನ್ನು ಬಿಚ್ಚಿ, ತಮ್ಮ ಕಿವಿಗೆ ಒಪ್ಪುವಂತೆ ಬದಲಾಯಿಸಿಕೊಳ್ಳುವುದು ಇಂದು ಒಂದು ಕಸುಬೇ ಆಗಿದೆ. ಐಬನೇಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಇದಕ್ಕೆ ಅಚ್ಚುಮೆಚ್ಚಿನ ಸರಕು. ಟಿಎಸ್9 ಮಾದರಿಯ ಔಟ್‌ಪುಟ್‌ನಲ್ಲಿರುವ ಎರಡು ರೆಸಿಸ್ಟರ್‌ಗಳನ್ನು ಬದಲಿಸಿ, ಜೆಆರ್‌ಸಿ4558 ಚಿಪ್ ಕೂರಿಸಿದರೆ ಹಳೆಯ ಟಿಎಸ್808ರ ದನಿಗೆ ಹತ್ತಿರ ಬರುತ್ತದೆ. ಬೆಂಗಳೂರಿನ ಹವ್ಯಾಸಿಗಳಿಗೆ ಇಂಥ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಇದೆ. ಕೆಲಸ ಮುಗಿಸಿ ಪ್ಲಗ್ ಹಾಕಿದಾಗ ಹಿಂದೆ ಇಲ್ಲದಿದ್ದ ಸದ್ದು ಕೇಳಿದರೆ? ಗಾಬರಿಯಿಂದ ಎಲ್ಲವನ್ನೂ ಮತ್ತೆ ಕೀಳಬಾರದು. ಮೊದಲು ಕಿವಿಗೊಡಬೇಕು, ಯಾವ ಬಗೆಯ ಸದ್ದು ಎಂಬುದರಲ್ಲೇ ಅದರ ಮೂಲದ ಸುಳಿವಿರುತ್ತದೆ.

ಗುಂಯ್ ಎಂಬ ದಪ್ಪ ಸದ್ದು ಕರೆಂಟಿನದು. ನಮ್ಮ ಮನೆಗಳ ವಿದ್ಯುತ್ 50 ಹರ್ಟ್ಸ್. ಅಗ್ಗದ ಅಡಾಪ್ಟರ್ ಸರಿಯಾಗಿ ಸೋಸದಿದ್ದರೆ ಅದರ ಇಮ್ಮಡಿಯಾದ 100 ಹರ್ಟ್ಸ್ ಗುಂಯ್‌ಗುಡುತ್ತದೆ. 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಸದ್ದು ನಿಂತರೆ ತಪ್ಪು ಅಡಾಪ್ಟರ್‌ನದು. ನಿಲ್ಲದಿದ್ದರೆ ಗಿಟಾರ್ ಕಳಚಿ ನೋಡಿ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರೇ ಸದ್ದು ಹೊತ್ತು ತರುತ್ತಿರಬಹುದು. ಅದೂ ಅಲ್ಲವಾದರೆ ಪೆಟ್ಟಿಗೆಯ ಲೋಹಕ್ಕೆ ಗ್ರೌಂಡ್ ತಂತಿ ಸೇರಿದೆಯೇ ಎಂದು ಪರೀಕ್ಷಿಸಬೇಕು.

ಸುಯ್ ಎಂಬ ಉಸಿರಿನಂಥ ಸದ್ದಿಗೆ ಬಹುಪಾಲು ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಕಾರಣ. ಟ್ಯೂಬ್ ಸ್ಕ್ರೀಮರ್‌ನ ಡ್ರೈವ್ ಪೂರ್ತಿ ತಿರುಗಿಸಿದರೆ ಒಳಬಂದ ಸಂಕೇತ ಸುಮಾರು 118 ಪಟ್ಟು ಹಿಗ್ಗುತ್ತದೆ. ಇನ್ನಷ್ಟು ಒಡಕು ಬೇಕೆಂದು 4.7 ಕಿಲೋ ಓಮ್ ರೆಸಿಸ್ಟರ್ ತೆಗೆದು 2.2 ಕಿಲೋ ಓಮ್‌ನದು ಹಾಕಿದರೆ ಅದು 250 ಪಟ್ಟು ದಾಟುತ್ತದೆ. ನಾದದ ಜೊತೆ ಸುಯ್ಲೂ ಅಷ್ಟೇ ಹಿಗ್ಗುತ್ತದೆ.

ಗೇನ್ ಏರಿಸಿದೊಡನೆ ಕೀಂ ಎಂದು ಕಿರುಚಿದರೆ ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳು ಅಕ್ಕಪಕ್ಕ ಮಲಗಿವೆಯೇ ನೋಡಿ. ಹೊಸ ಟಾಗಲ್ ಸ್ವಿಚ್‌ಗೆಂದು ಎಳೆದ ಉದ್ದನೆಯ ತಂತಿಗಳಲ್ಲಿ ಇದು ಸಾಮಾನ್ಯ. ತಂತಿ ಮೋಟು ಮಾಡಿ, ದೂರ ಸರಿಸಬೇಕು. ಆಗದಿದ್ದರೆ ಶೀಲ್ಡ್ ಕೇಬಲ್ ಬಳಸಬೇಕು. ಸಂಕೇತವನ್ನು ಸರ್ಕ್ಯೂಟ್ ತಪ್ಪಿಸಿ ನೇರ ಸಾಗಿಸುವ ಟ್ರೂ ಬೈಪಾಸ್ ಸ್ವಿಚ್ ಒತ್ತಿದಾಗ ಟಪ್ ಎಂದರೆ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಒಮ್ಮೆಗೇ ನುಗ್ಗುತ್ತಿದೆ ಎಂದರ್ಥ. ಇನ್‌ಪುಟ್, ಔಟ್‌ಪುಟ್‌ಗಳಿಂದ ಗ್ರೌಂಡ್‌ಗೆ ತಲಾ 1 ಮೆಗಾ ಓಮ್ ರೆಸಿಸ್ಟರ್ ಹಾಕಿದರೆ ಸಾಮಾನ್ಯವಾಗಿ ಅಡಗುತ್ತದೆ. ಚರಚರ ಸದ್ದಿಗೆ ಮೊದಲು ಶಂಕಿಸಬೇಕಾದದ್ದು ಡ್ರೈ ಸೋಲ್ಡರನ್ನು, ಅಂದರೆ ಸರಿಯಾಗಿ ಹಿಡಿಯದ ಬೆಸುಗೆಯನ್ನು. ಮರದ ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ತಟ್ಟುತ್ತ ಹೋದರೆ ಸಡಿಲವಾದದ್ದು ತಾನೇ ದನಿ ಎತ್ತುತ್ತದೆ.

ಇಷ್ಟಾದರೂ ಸಿಗದ ಸದ್ದಿಗೆ ಆಡಿಯೊ ಪ್ರೋಬ್ ಇದೆ. ಹಳೆಯ ಗಿಟಾರ್ ಕೇಬಲ್‌ನ ಒಂದು ತುದಿ ಕತ್ತರಿಸಿ, ಒಳತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದು, ಹೊರಹೆಣಿಗೆಯನ್ನು ಪೆಡಲ್‌ನ ಗ್ರೌಂಡ್‌ಗೆ ಕಚ್ಚಿಸಿದರೆ ಪ್ರೋಬ್ ಸಿದ್ಧ. ಇನ್ನೊಂದು ತುದಿ ಆಂಪ್ಲಿಫೈಯರ್‌ಗೆ. ವಾಲ್ಯೂಮ್ ಕಡಿಮೆ ಇರಲಿ. ಇನ್‌ಪುಟ್‌ನಿಂದ ಶುರುಮಾಡಿ ಸಂಕೇತ ಸಾಗುವ ದಾರಿಯಲ್ಲೇ ಹಂತಹಂತವಾಗಿ ಮುಟ್ಟುತ್ತ ಹೋಗಿ. ಎಲ್ಲಿಯವರೆಗೆ ನಾದ ಶುಚಿಯಾಗಿತ್ತೋ ಅದರ ಮುಂದಿನ ಹಂತದಲ್ಲೇ ದೋಷವಿದೆ.

ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರಿಗೆ ಹೇಳಬೇಕಾದದ್ದು ಇಷ್ಟೇ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಕೇಳಿ, ಬರೆದಿಡಿ. ತೆಗೆದ ಭಾಗಗಳನ್ನು ಎಸೆಯಬೇಡಿ. ಹಿಂದಿರುಗುವ ದಾರಿ ತೆರೆದಿದ್ದರೆ ಮುಂದಿನ ಪ್ರಯೋಗಕ್ಕೆ ಧೈರ್ಯ ಬರುತ್ತದೆ. ಇಷ್ಟು ಗೇನ್ ಇರುವ ಪೆಡಲ್ ಪೂರ್ತಿ ಮೌನವಾಗದು. ನುಡಿಸುವಾಗ ಸುಯ್ಲು ಕೇಳಿಸದಿದ್ದರೆ ಅಲ್ಲಿಗೆ ಸೋಲ್ಡರಿಂಗ್ ಐರನ್ ಆರಿಸಬಹುದು.