ಗಣಕದೊಳಗಿನ ಗುಟ್ಟು: ಒಡೆಯ ಯಾರು, ಕಾವಲು ಯಾರದು?

ಬೆಂಗಳೂರು: ಸಿಮ್ ಕಾರ್ಡ್ ಖರೀದಿಯಿಂದ ಆಸ್ಪತ್ರೆಯ ಹೊರರೋಗಿ ಚೀಟಿಯವರೆಗೆ, ಹೆಸರು, ವಿಳಾಸ, ದೂರವಾಣಿ ಸಂಖ್ಯೆ ನೀಡದೆ ಇಂದು ಹೆಚ್ಚಿನ ಕೆಲಸಗಳು ನಡೆಯವು. ಹೀಗೆ ನೀಡಿದ ವಿವರ ಗಣಕಯಂತ್ರವನ್ನು ಸೇರಿದ ಮೇಲೆ ಅದರ ಒಡೆಯ ಯಾರು? ಕೊಟ್ಟವರೋ, ಪಡೆದವರೋ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟವರಲ್ಲಿ ಪ್ರಮುಖರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ ಅವರಿಗೆ 86 ವರ್ಷ. ಕೋಟ್ಯಂತರ ಜನರ ಬೆರಳಚ್ಚು ಸಂಗ್ರಹವಾಗುತ್ತಿದ್ದರೂ ಆಗ ಅದಕ್ಕೆ ಸಂಸತ್ತು ಅಂಗೀಕರಿಸಿದ ಕಾಯಿದೆಯ ಆಸರೆ ಇರಲಿಲ್ಲ. ಆಧಾರ್ ಕಾಯಿದೆ ಬಂದದ್ದು 2016ರಲ್ಲಿ.

ಕಡತಕ್ಕೂ ಗಣಕಕ್ಕೂ ಇರುವ ಅಂತರ

ಸರ್ಕಾರಿ ಕಚೇರಿಯ ಕಡತ ಒಂದು ಕಪಾಟಿನಲ್ಲಿ ಇರುತ್ತಿತ್ತು. ಅದನ್ನು ನೋಡಬೇಕಾದವರು ಅಲ್ಲಿಗೇ ಹೋಗಬೇಕಿತ್ತು. ಗಣಕದ ದಾಖಲೆಗೆ ಆ ಮಿತಿಯಿಲ್ಲ. ಕ್ಷಣಮಾತ್ರದಲ್ಲಿ ಅದರ ಪ್ರತಿ ತೆಗೆಯಬಹುದು. ಬ್ಯಾಂಕ್, ಪಡಿತರ, ಮೊಬೈಲ್, ಆಸ್ಪತ್ರೆಯ ದಾಖಲೆಗಳು ಬಿಡಿಬಿಡಿಯಾಗಿದ್ದಾಗ ನಿರುಪದ್ರವಿ; ಒಂದೇ ಸಂಖ್ಯೆಯ ಮೂಲಕ ಅವನ್ನು ಜೋಡಿಸಿದರೆ ವ್ಯಕ್ತಿಯ ಬದುಕೇ ಬಯಲಾಗುತ್ತದೆ. ಸೋರಿಕೆಯಾದ ಪಾಸ್‌ವರ್ಡನ್ನು ಬದಲಿಸಬಹುದು. ಆಧಾರ್‌ಗಾಗಿ ನೀಡಿದ ಹತ್ತು ಬೆರಳುಗಳ ಗುರುತನ್ನಾಗಲಿ, ಕಣ್ಣಿನ ಪಾಪೆಯ ಚಿತ್ರವನ್ನಾಗಲಿ ಬದಲಿಸಲಾಗದು.

ಇನ್ನೊಂದು ಅಪಾಯ ಸೋರಿಕೆಗಿಂತ ಭಿನ್ನವಾದುದು. ಕಲ್ಲು, ಮಣ್ಣು, ಸಿಮೆಂಟಿನಲ್ಲಿ ದುಡಿಯುವವರ ಮತ್ತು ವೃದ್ಧರ ಬೆರಳಚ್ಚು ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಪರಿಚಿತ ಮನುಷ್ಯ ಕಣ್ಣೆದುರು ನಿಂತಿದ್ದರೂ, ಯಂತ್ರ ಒಪ್ಪದಿದ್ದರೆ ಅವನು ಅವನಲ್ಲ! ದಾಖಲೆಯ ದೋಷಕ್ಕೆ ದಂಡ ತೆರುವವನು ದಾಖಲಾದವನೇ.

ನ್ಯಾಯಾಲಯ ಹೇಳಿದ್ದೇನು?

ಖಾಸಗಿತನ ಮೂಲಭೂತ ಹಕ್ಕಲ್ಲವೆಂಬುದು ಕೇಂದ್ರ ಸರ್ಕಾರದ ವಾದವಾಗಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಸರ್ವಾನುಮತದಿಂದ ತಳ್ಳಿಹಾಕಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ 4:1ರ ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತಾದರೂ ಅದಕ್ಕೆ ಬೇಲಿ ಹಾಕಿತು. ಬ್ಯಾಂಕ್ ಖಾತೆ ಹಾಗೂ ಮೊಬೈಲ್ ಸಂಖ್ಯೆಗೆ ಆಧಾರ್ ಜೋಡಣೆಯ ಕಡ್ಡಾಯ ರದ್ದಾಯಿತು. ದೃಢೀಕರಣದ ದಾಖಲೆಗಳನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ ಎಂದೂ ತೀರ್ಪು ಹೇಳಿತು. ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ನಿರಾಕರಿಸುವುದಿಲ್ಲ ಎಂಬ ಅಟಾರ್ನಿ ಜನರಲ್ ಅವರ ಹೇಳಿಕೆಯೂ ತೀರ್ಪಿನಲ್ಲಿ ದಾಖಲಾಗಿದೆ. ಬ್ಯಾಂಕ್ ಮತ್ತು ದೂರಸಂಪರ್ಕ ಸಂಸ್ಥೆಗಳಿಗೆ ಸ್ವಇಚ್ಛೆಯಿಂದ ಆಧಾರ್ ನೀಡಲು 2019ರ ತಿದ್ದುಪಡಿ ಅವಕಾಶ ಕಲ್ಪಿಸಿತು.

ಕಾಯಿದೆ ಬಂದರೂ ಉಳಿದ ಪ್ರಶ್ನೆ

ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು ಹಂತ ಹಂತವಾಗಿ ಜಾರಿಯಾಗುವಂತೆ 2025ರ ನವೆಂಬರ್‌ನಲ್ಲಿ ಪ್ರಕಟವಾದವು. ತಪ್ಪು ಮಾಹಿತಿಯನ್ನು ತಿದ್ದಿಸುವ, ಉದ್ದೇಶ ಮುಗಿದ ಮೇಲೆ ಅಳಿಸಲು ಕೇಳುವ ಹಕ್ಕನ್ನು ಕಾಯಿದೆ ನೀಡುತ್ತದೆ. ಮಾಹಿತಿಯನ್ನು ಸುರಕ್ಷಿತವಾಗಿ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಆ ಹಣ ಸೇರುವುದು ಸರ್ಕಾರದ ಬೊಕ್ಕಸವನ್ನು, ನಷ್ಟ ಅನುಭವಿಸಿದವರ ಕೈಯನ್ನಲ್ಲ. ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ಕೇಂದ್ರವು ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡಬಹುದು. ಅತಿ ಹೆಚ್ಚು ಮಾಹಿತಿ ಹೊಂದಿರುವ ಸರ್ಕಾರಕ್ಕೇ ಈ ಸಡಿಲಿಕೆ ಏಕೆ ಎಂಬುದು ಟೀಕಾಕಾರರ ಪ್ರಶ್ನೆ.

ಮಾಹಿತಿ ಸಂಗ್ರಹವೇ ತಪ್ಪೆನ್ನಲಾಗದು. ಅದಿಲ್ಲದೆ ಪಿಂಚಣಿಯೂ ಬಾರದು, ಪಡಿತರವೂ ಸಿಗದು. ಆದರೆ ಯಾವ ಉದ್ದೇಶಕ್ಕೆ, ಎಷ್ಟು ಕಾಲಕ್ಕೆ, ತಪ್ಪಾದರೆ ಯಾರ ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಾರದವರಿಗೆ ಅದನ್ನು ಕೇಳುವ ನೈತಿಕ ಅಧಿಕಾರವಿಲ್ಲ. ಸದ್ಯಕ್ಕೆ ನಾಗರಿಕರ ಕೈಯಲ್ಲೂ ಕೆಲವು ಉಪಾಯಗಳಿವೆ. ಬೆರಳಚ್ಚು ದೃಢೀಕರಣಕ್ಕೆ ಬೀಗ ಹಾಕುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನೂ ಪಡೆಯಬಹುದು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು. ಅವರು ಗೆದ್ದುಕೊಟ್ಟ ಹಕ್ಕು ಉಳಿಯಬೇಕಾದರೆ, ಅರ್ಜಿ ತುಂಬುವ ಪ್ರತಿಯೊಬ್ಬರೂ ಆ ಮೂರು ಪ್ರಶ್ನೆಗಳನ್ನು ಕೇಳಲೇಬೇಕು.